ನೀರು ಸೋಸುವುದು ಮರಳಲ್ಲ, ಮರಳಿನಲ್ಲಿರುವ ಜೀವಿಗಳು: ಮನೆಯಲ್ಲೇ ಫಿಲ್ಟರ್ ಕಟ್ಟುವ, ಬಾವಿ ಕಾಯುವ ಕ್ರಮ

ಮಣ್ಣು, ಮರಳು ಜರಡಿಯ ಹಾಗೆ ಕೊಳೆಯನ್ನು ತಡೆಹಿಡಿಯುತ್ತವೆ, ಅದಕ್ಕೇ ಬಾವಿ ನೀರು ತಿಳಿಯಾಗಿರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಇದು ಅರ್ಧ ಮಾತ್ರ ನಿಜ. ಒಂದು ಸಣ್ಣ ಲೆಕ್ಕ ನೋಡಿ. ಮರಳಿನ ಕಣ 0.2 ಮಿಲಿಮೀಟರ್ ದಪ್ಪ ಇದ್ದರೆ ಕಣಗಳ ನಡುವಿನ ಸಂದು ಸುಮಾರು 30 ಮೈಕ್ರಾನ್ ಇರುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಭೇದಿ ತರುವ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಅಷ್ಟೇ. ವೈರಸ್ಸಂತೂ ಅದಕ್ಕಿಂತ ಹತ್ತಾರು ಪಟ್ಟು ಚಿಕ್ಕದು. ಮೂವತ್ತು ಮೈಕ್ರಾನಿನ ಸಂದಿನಲ್ಲಿ ಇವು ಆರಾಮವಾಗಿ ನುಸುಳಿ ಹೋಗಬೇಕು, ಅಲ್ವಾ? ಆದರೆ ಬಹುಪಾಲು ಹೋಗುವುದಿಲ್ಲ. ಹಳೆಯ, ಚೆನ್ನಾಗಿ ಪಳಗಿದ ಮರಳಿನ ಪದರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ ಒಳಗೇ ಉಳಿದು ಸಾಯುತ್ತವೆ. ಅದೇ ಮರಳು ಹೊಸದಾಗಿದ್ದಾಗ ಇಷ್ಟು ಕೆಲಸ ಮಾಡುವುದಿಲ್ಲ.

ಹಳೆಯ ಮರಳಿಗೂ ಹೊಸ ಮರಳಿಗೂ ಇರುವ ವ್ಯತ್ಯಾಸ ಒಂದೇ. ಹಳೆಯದರಲ್ಲಿ ಜೀವ ಇದೆ. ಫಿಲ್ಟರ್ ಕಟ್ಟುವಾಗ, ಬಳಸುವಾಗ, ತೊಳೆಯುವಾಗ, ಬಾವಿಯ ಸುತ್ತಲಿನ ನೆಲ ನೋಡಿಕೊಳ್ಳುವಾಗ ಇದೊಂದು ವಿಷಯ ತಲೆಯಲ್ಲಿದ್ದರೆ ಸಾಕು, ಮುಂದೆ ಹೇಳುವ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಒಂದು ಕಣದ ಮೇಲೆ ಏನು ನಡೆಯುತ್ತದೆ

ಕೆಲಸಕ್ಕೆ ಕೈ ಹಾಕುವ ಮುಂಚೆ ಮರಳಿನ ಒಂದೇ ಒಂದು ಕಣವನ್ನು ಹತ್ತಿರದಿಂದ ನೋಡೋಣ. ನೀರು ಹರಿಯಲು ಶುರುವಾದ ಮೇಲೆ ಕೆಲವು ಬ್ಯಾಕ್ಟೀರಿಯಾ ಆ ಕಣಕ್ಕೆ ಬಂದು ಅಂಟುತ್ತವೆ. ಅಂಟಿದ ಮೇಲೆ ತಮ್ಮ ಸುತ್ತ ಲೋಳೆ ಸುರಿಸುತ್ತವೆ. ದಿನ ಕಳೆದಂತೆ ಆ ಲೋಳೆ ಕಣದ ಮೈಗೆ ತೆಳ್ಳಗೆ ಹಬ್ಬುತ್ತದೆ. ಒಳಗೆ ನೂರಾರು ಬಗೆಯ ಜೀವಿಗಳು ಸೇರಿಕೊಳ್ಳುತ್ತವೆ. ಇವು ನಮಗೆ ಕಾಯಿಲೆ ತರುವ ಜಾತಿಯವಲ್ಲ. ಮಣ್ಣಿನಲ್ಲಿ, ಹೊಳೆಯಲ್ಲಿ ಯಾವಾಗಲೂ ಇರುವಂಥವು.

ಈಗ ನೀರಿನ ಜೊತೆ ಕಾಯಿಲೆಯ ಬ್ಯಾಕ್ಟೀರಿಯಾ ಒಂದು ಬಂತು ಅನ್ನಿ. ಸಂದಿನಲ್ಲಿ ದಾರಿ ನೇರ ಇಲ್ಲ. ಪ್ರತಿ ಕಣದ ಸುತ್ತ ತಿರುಗಿ ಬಳಸಿ ಹೋಗಬೇಕು. ಹೋಗುವಾಗ ಎಲ್ಲೋ ಒಂದು ಕಡೆ ಲೋಳೆಗೆ ತಾಕಿ ಅಂಟಿಕೊಳ್ಳುತ್ತದೆ. ಕಣದ ಮೈಮೇಲೆ ಕಬ್ಬಿಣದ ತುಕ್ಕಿನಂಥ ಲೇಪ ಇದ್ದರೆ ಇನ್ನೂ ಸುಲಭ. ಬ್ಯಾಕ್ಟೀರಿಯಾದ ಮೈ ಸಾಮಾನ್ಯವಾಗಿ ಋಣ ವಿದ್ಯುತ್ತಿನದು, ಆ ಲೇಪ ಧನ ವಿದ್ಯುತ್ತಿನದು, ಎರಡೂ ಸೆಳೆದುಕೊಳ್ಳುತ್ತವೆ. ಅಂಟಿದ ಮೇಲೆ ಅದರ ಕಷ್ಟ ಶುರು. ಮನುಷ್ಯನ ಕರುಳಿನ 37 ಡಿಗ್ರಿ ಬಿಸಿಗೆ, ಅಲ್ಲಿ ಸಿಗುವ ಊಟಕ್ಕೆ ಒಗ್ಗಿದ ಜೀವಿ ಅದು. ಇಲ್ಲಿ ತಣ್ಣಗಿದೆ. ಇರುವ ಚೂರುಪಾರು ಆಹಾರವನ್ನು ಮೊದಲೇ ಇದ್ದವರು ತಿಂದು ಮುಗಿಸಿದ್ದಾರೆ. ಅಷ್ಟು ಸಾಲದು ಎಂಬಂತೆ ಬ್ಯಾಕ್ಟೀರಿಯಾವನ್ನೇ ಮೇಯುವ, ಒಂದೇ ಜೀವಕೋಶದ ಪ್ರೋಟೋಜೋವಾಗಳು ಆ ಲೋಳೆಯ ಮೇಲೆಲ್ಲ ಓಡಾಡುತ್ತಿರುತ್ತವೆ. ಹೀಗೆ ಕೆಲವು ಹಸಿವಿನಿಂದ ಸಾಯುತ್ತವೆ, ಕೆಲವು ಇನ್ನೊಂದರ ಬಾಯಿಗೆ ಹೋಗುತ್ತವೆ.

ನೀರಿನಲ್ಲಿ ಕರಗಿದ ಕೊಳೆಯೂ ಇದೇ ರೀತಿ ಖರ್ಚಾಗುತ್ತದೆ. ಕೊಳೆತ ಎಲೆ, ಮೂತ್ರ, ಸಾಬೂನಿನ ಅಂಶ ಇವೆಲ್ಲ ಬ್ಯಾಕ್ಟೀರಿಯಾಗಳಿಗೆ ಊಟ. ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಕೆಂಪು ಕಲೆ ಮಾಡುವ ಕಬ್ಬಿಣವನ್ನು ಗ್ಯಾಲಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ತುಕ್ಕಾಗಿಸಿ ಮರಳಿನಲ್ಲೇ ಕೂರಿಸುತ್ತವೆ.

ಇವೆಲ್ಲಕ್ಕೂ ಜಾಗ ಎಷ್ಟಿದೆ ಅಂತೀರಾ? ಕಾಲು ಮಿಲಿಮೀಟರ್ ಕಣಗಳ ಒಂದು ಲೀಟರ್ ಮರಳಿನಲ್ಲಿ ಎಲ್ಲ ಕಣಗಳ ಮೈ ಸೇರಿಸಿದರೆ ಸುಮಾರು 14 ಚದರ ಮೀಟರ್ ಆಗುತ್ತದೆ. ಒಂದು ಸಾಧಾರಣ ಕೋಣೆಯ ನೆಲದಷ್ಟು! ಅಷ್ಟೂ ಜಾಗ ಜೀವಿಗಳ ನೆಲೆ. ಸಣ್ಣ ಮರಳು ಬೇಕು ಅನ್ನುವುದು ಈ ಕಾರಣಕ್ಕೆ.

ಇದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ 1892ರ ಹ್ಯಾಂಬರ್ಗ್ ಸಾಕ್ಷಿ. ಜರ್ಮನಿಯ ಆ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಮನೆಗಳಿಗೆ ಬಿಡುತ್ತಿತ್ತು. ಪಕ್ಕಕ್ಕೆ ಅಂಟಿಕೊಂಡಿದ್ದ ಆಲ್ಟೋನಾ ಊರು ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಚರಂಡಿ ನದಿಗೆ ಸೇರುವ ಜಾಗಕ್ಕಿಂತ ಕೆಳಗಿನಿಂದ ನೀರೆತ್ತಿ, ನಿಧಾನ ಮರಳಿನ ಹಾಸುಗಳಲ್ಲಿ, ಅಂದರೆ ನೀರು ಮೆಲ್ಲಗೆ ಇಳಿಯುವ ಮರಳಿನ ಪದರಗಳಲ್ಲಿ, ಸೋಸಿ ಕೊಡುತ್ತಿತ್ತು. ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ 8,500ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಗಡಿಯಲ್ಲಿದ್ದ ಬೀದಿಯಲ್ಲಿ ಒಂದು ಕಡೆಯ ಮನೆಗಳಲ್ಲಿ ಕಾಲರಾ ಇತ್ತು, ಎದುರು ಬದಿಯಲ್ಲಿ ಇರಲಿಲ್ಲ. ಗಾಳಿ ಒಂದೇ, ಮಣ್ಣು ಒಂದೇ, ಜನರೂ ಒಂದೇ ಥರದವರು. ಬೇರೆ ಇದ್ದದ್ದು ನಲ್ಲಿಯ ನೀರು. ಅದನ್ನು ಪರಿಶೀಲಿಸಿದವರು ಜರ್ಮನಿಯ ಬ್ಯಾಕ್ಟೀರಿಯಾ ತಜ್ಞ ರಾಬರ್ಟ್ ಕಾಖ್. ಮರಳಿನ ಸೋಸುವಿಕೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಆ ಬೀದಿಯೇ ನೆನಪಾಗುತ್ತದೆ.

ಮೊದಲನೆಯದು: ಯಾವ ನೀರು ಸೋಸುತ್ತೀರಿ ಎಂದು ನೋಡಿ

ಹೊಳೆ, ಕೆರೆ, ತೆರೆದ ಬಾವಿ, ಮಳೆ ನೀರು ಯಾವುದಾದರೂ ಆಗುತ್ತದೆ. ಆದರೆ ತುಂಬಾ ಬಗ್ಗಡ ಇದ್ದರೆ ಮರಳಿನ ಬಾಯಿ ಬೇಗ ಕಟ್ಟಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಬಣ್ಣವಿಲ್ಲದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ದೊಡ್ಡ ಅಕ್ಷರದ ಒಂದು ಕಾಗದದ ಮೇಲೆ ನಿಲ್ಲಿಸಿ. ಬಾಯಿಯಿಂದ ಒಳಗೆ ಇಣುಕಿದಾಗ ಅಕ್ಷರ ಕಂಡರೆ ನೀರು ಫಿಲ್ಟರಿಗೆ ಯೋಗ್ಯ. ಕಾಣದಿದ್ದರೆ ಒಂದು ರಾತ್ರಿ ಪಾತ್ರೆಯಲ್ಲಿ ಕದಲದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

ಆದಷ್ಟು ಒಂದೇ ಮೂಲದ ನೀರು ಹಾಕಿ. ಒಂದು ದಿನ ಬಾವಿ, ಇನ್ನೊಂದು ದಿನ ಕೆರೆ ಎಂದು ಬದಲಾಯಿಸಬೇಡಿ. ಒಳಗಿನ ಜೀವಿಗಳು ಆ ನೀರಿನಲ್ಲಿ ಸಿಗುವ ಆಹಾರಕ್ಕೆ ಒಗ್ಗಿಕೊಂಡು ಬೆಳೆದಿರುತ್ತವೆ. ಮತ್ತೆ ಒಗ್ಗಲು ಅವಕ್ಕೆ ದಿನಗಳು ಬೇಕು.

ಎರಡನೆಯದು: ಮರಳನ್ನು ಆರಿಸಿ, ತೊಳೆಯಿರಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದು. ಇಲ್ಲಿ ಅವಸರ ಮಾಡಿದವರ ಫಿಲ್ಟರ್ ಮುಂದೆ ಸರಿಯಾಗಿ ನಡೆಯುವುದಿಲ್ಲ. ಒಡೆದ ಕಲ್ಲಿನಿಂದ ಬಂದ ಮರಳು ಒಳ್ಳೆಯದು. ಅದರಲ್ಲಿ ಕೊಳೆತ ವಸ್ತು, ಹೊಲಸು ಇರುವುದಿಲ್ಲ. ಹೊಳೆಯ ಮರಳೂ ಆಗುತ್ತದೆ, ಆದರೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಸಮುದ್ರ ತೀರದ ಮರಳು ಬೇಡವೇ ಬೇಡ, ಉಪ್ಪು ಬಿಡುತ್ತಲೇ ಇರುತ್ತದೆ.

ಮರಳು ಪೂರ್ತಿ ಒಣಗಿದ ಮೇಲೆ ಜರಡಿ ಹಿಡಿಯಿರಿ. ಒದ್ದೆ ಇದ್ದರೆ ಸಣ್ಣ ಕಣಗಳು ದಪ್ಪ ಕಣಗಳಿಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಮೂರು ರಾಶಿ ಬೇಕು. 0.7 ಮಿಲಿಮೀಟರ್ ಜರಡಿಯಲ್ಲಿ ಕೆಳಗೆ ಬಿದ್ದದ್ದು ಸೋಸುವ ಮರಳು. 0.7ರಿಂದ 6 ಮಿಲಿಮೀಟರ್ ನಡುವಿನದು ನಡುಪದರಕ್ಕೆ. 6ರಿಂದ 12 ಮಿಲಿಮೀಟರ್ ಜಲ್ಲಿ ತಳಕ್ಕೆ.

ಎರಡು ಬಗೆಯ ಜಲ್ಲಿಯನ್ನೂ ತೊಳೆದ ನೀರು ಕನ್ನಡಿಯಂತೆ ಆಗುವವರೆಗೆ ತೊಳೆಯಿರಿ. ಮರಳನ್ನು ಹಾಗೆ ತೊಳೆಯಬಾರದು. ಜಾಸ್ತಿ ತೊಳೆದರೆ ತೀರಾ ಸಣ್ಣ ಕಣಗಳೆಲ್ಲ ಕೊಚ್ಚಿ ಹೋಗಿ ನೀರು ಜೋರಾಗಿ ಇಳಿಯುತ್ತದೆ. ಕಡಿಮೆ ತೊಳೆದರೆ ಜೇಡಿ ಉಳಿದು ಕಟ್ಟಿಕೊಳ್ಳುತ್ತದೆ. ಹದ ಹೀಗೆ ನೋಡಿ: ಪಾರದರ್ಶಕ ಗಾಜಿನ ಜಾರಿಗೆ ಸ್ವಲ್ಪ ಮರಳು, ಅದರ ಎರಡರಷ್ಟು ನೀರು ಹಾಕಿ, ಮುಚ್ಚಿ, ಗರಗರ ತಿರುಗಿಸಿ ಇಡಿ. ಮೂರು ನಾಲ್ಕು ಸೆಕೆಂಡಿನಲ್ಲಿ ನೀರಿನ ಮೂಲಕ ಮರಳಿನ ಮೇಲ್ಮೈ ಮಸುಕಾಗಿ ಕಂಡರೆ ಹದ ಸರಿ. ತಕ್ಷಣ ಸ್ಪಷ್ಟ ಕಂಡರೆ ತೊಳೆದದ್ದು ಹೆಚ್ಚಾಯಿತು. ತುಂಬಾ ಹೊತ್ತು ಕಾಣದಿದ್ದರೆ ಇನ್ನೂ ತೊಳೆಯಬೇಕು.

ಮೂರನೆಯದು: ಪಾತ್ರೆ ಮತ್ತು ಪೈಪು

ಒಳಗಿನ ಅಡ್ಡಳತೆ 30 ಸೆಂಟಿಮೀಟರ್, ಎತ್ತರ 90ರಿಂದ 95 ಸೆಂಟಿಮೀಟರ್ ಇರುವ ಗಟ್ಟಿ ಪ್ಲಾಸ್ಟಿಕ್ ಅಥವಾ ಸಿಮೆಂಟಿನ ಪಾತ್ರೆ ಒಂದು ಚಿಕ್ಕ ಮನೆಗೆ ಸಾಕು. ರಾಸಾಯನಿಕ, ಎಣ್ಣೆ, ಬಣ್ಣ ಇಟ್ಟಿದ್ದ ಡ್ರಮ್ ಎಷ್ಟೇ ತೊಳೆದರೂ ಬಳಸಬೇಡಿ.

ನೀರು ಹೊರಬರುವ ಪೈಪು ತಳದಿಂದ ಶುರುವಾಗಿ ಪಾತ್ರೆಯ ಹೊರಗೆ ಮೇಲೆ ಏರಬೇಕು. ಅದರ ಬಾಯಿ ಮರಳಿನ ಮೇಲ್ಮೈಗಿಂತ ಸರಿಯಾಗಿ 5 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಕೊಡಪಾನ ಸುರಿಯುವುದು ನಿಂತ ಮೇಲೂ ಮರಳಿನ ಮೇಲೆ 5 ಸೆಂಟಿಮೀಟರ್ ನೀರು ನಿಂತೇ ಇರುತ್ತದೆ. ಈ ಐದು ಸೆಂಟಿಮೀಟರೇ ಫಿಲ್ಟರಿನ ಜೀವಾಳ. ನೀರು ಇದಕ್ಕಿಂತ ಕಡಿಮೆಯಾದರೆ ಮೇಲಿನ ಪದರ ಒಣಗುತ್ತದೆ, ಸುರಿಯುವ ನೀರಿಗೆ ಕದಡಿ ಹೋಗುತ್ತದೆ. ಜಾಸ್ತಿ ಆದರೆ ಗಾಳಿಯ ಆಮ್ಲಜನಕ ನೀರಿನೊಳಗೆ ಇಳಿದು ಜೀವಿಗಳನ್ನು ತಲುಪುವುದಿಲ್ಲ. ಉಸಿರು ಕಟ್ಟಿ ಸಾಯುತ್ತವೆ.

ಈ ವಿಧಾನವನ್ನು ರೂಪಿಸಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್. 1990ರ ದಶಕದಲ್ಲಿ ಇದು ಮನೆಗಳಿಗೆ ಬಂತು. ಅದಕ್ಕೂ ಮುಂಚೆ ನಿಧಾನ ಮರಳಿನ ಹಾಸು ಎಂದರೆ ನೀರು ಇಡೀ ದಿನ ಹರಿಯುತ್ತಲೇ ಇರಬೇಕಾದ ದೊಡ್ಡ ಕೊಳಗಳು. 1804ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಜಾನ್ ಗಿಬ್ ಕಟ್ಟಿದ್ದು, 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ಕಟ್ಟಿದ್ದು ಅಂಥವು. ಮನೆಯಲ್ಲಿ ದಿನವಿಡೀ ನೀರು ಹರಿಸಲು ಆಗುವುದಿಲ್ಲವಲ್ಲ. ಪೈಪಿನ ಬಾಯನ್ನು ಮರಳಿಗಿಂತ ತುಸು ಎತ್ತರಿಸಿದ್ದರಿಂದ ನೀರು ನಿಂತಾಗಲೂ ಜೀವಿಗಳು ಬದುಕುವ ಹಾಗಾಯಿತು. ಇಷ್ಟು ಸರಳ ತಿದ್ದುಪಡಿ ಇಷ್ಟು ಮನೆಗಳಿಗೆ ದಾರಿ ಮಾಡಿಕೊಟ್ಟಿದ್ದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಪೈಪಿನ ತುದಿಗೆ ನಲ್ಲಿ ಹಾಕಬೇಡಿ. ಯಾರಾದರೂ ಮುಚ್ಚಿಬಿಟ್ಟರೆ ಮೇಲೆ ನೀರು ತುಂಬಿ ನಿಂತು ಆಮ್ಲಜನಕ ನಿಲ್ಲುತ್ತದೆ. ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ ಕೆಳಗೆ ಇಳಿಬಿಡುವುದೂ ಬೇಡ. ಅದು ನೀರನ್ನು ಎಳೆದುಕೊಂಡು ಮರಳಿನ ಮಟ್ಟಕ್ಕಿಂತ ಕೆಳಗೆ ಇಳಿಸಿಬಿಡುತ್ತದೆ.

ನಾಲ್ಕನೆಯದು: ತುಂಬುವ ಕ್ರಮ

ತಳದಲ್ಲಿ 5 ಸೆಂಟಿಮೀಟರ್ ದಪ್ಪ ಜಲ್ಲಿ, ಪೈಪಿನ ಒಳಗಿನ ತುದಿ ಮುಚ್ಚುವಷ್ಟು. ಅದರ ಮೇಲೆ 5 ಸೆಂಟಿಮೀಟರ್ ಸಣ್ಣ ಜಲ್ಲಿ, ಇಲ್ಲದಿದ್ದರೆ ಮರಳು ಕೆಳಗಿಳಿದು ಪೈಪಿಗೆ ಸೇರುತ್ತದೆ. ಆಮೇಲೆ 55 ಸೆಂಟಿಮೀಟರ್ ಮರಳು.

ಮರಳು ಹಾಕುವ ಮುಂಚೆ ಪಾತ್ರೆಗೆ ಅರ್ಧದಷ್ಟು ನೀರು ತುಂಬಿ, ಮರಳನ್ನು ಆ ನೀರಿನೊಳಕ್ಕೆ ಬೀಳಿಸಿ. ಯಾವಾಗಲೂ ನೀರೇ ಮೇಲಿರಬೇಕು. ಒಣ ಮರಳು ತುಂಬಿ ಮೇಲಿನಿಂದ ನೀರು ಸುರಿದರೆ ನಡುನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಗುಳ್ಳೆ ಇರುವ ಕಡೆ ನೀರು ಹೋಗದೆ, ಉಳಿದ ಕಡೆ ಜೋರಾಗಿ ನುಗ್ಗುತ್ತದೆ. ತುಂಬಿದ ಮೇಲೆ ಮೇಲ್ಮೈ ಸಮ ಮಾಡಿ.

ಮರಳಿನ ಮೇಲೆ, ನಿಂತ ನೀರಿಗೆ ತಾಗದಷ್ಟು ಎತ್ತರದಲ್ಲಿ, ಸಣ್ಣ ಸಣ್ಣ ತೂತು ಕೊರೆದ ಒಂದು ತಟ್ಟೆ ಕೂರಿಸಿ. ಸುರಿದ ನೀರು ಅದರಿಂದ ಹನಿಹನಿಯಾಗಿ ಬೀಳಲಿ. ಎಲ್ಲಕ್ಕೂ ಮೇಲೆ ಮುಚ್ಚಳ.

ಐದನೆಯದು: ವೇಗ ಅಳೆಯಿರಿ

ಮರಳಿನ ಮೇಲ್ಮೈಯ ಒಂದು ಚದರ ಮೀಟರಿಗೆ ಗಂಟೆಗೆ 400 ಲೀಟರಿಗಿಂತ ಜಾಸ್ತಿ ನೀರು ಇಳಿಯಬಾರದು. 30 ಸೆಂಟಿಮೀಟರ್ ಅಡ್ಡಳತೆಯ ಪಾತ್ರೆಗೆ ಇದು ಗಂಟೆಗೆ ಸುಮಾರು 28 ಲೀಟರ್. ಪಾತ್ರೆ ತುಂಬಾ ನೀರು ಸುರಿದ ತಕ್ಷಣ, ಹರಿವು ಜೋರಾಗಿರುವಾಗಲೇ, ಒಂದು ಲೀಟರ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಬೇಕು. ಒಂದೇ ನಿಮಿಷದಲ್ಲಿ ತುಂಬಿದರೆ ಮರಳು ದಪ್ಪವಾಯಿತು ಎಂದರ್ಥ. ತೆಗೆದು, ಕಡಿಮೆ ತೊಳೆದ ಸಣ್ಣ ಮರಳು ಹಾಕಿ.

ನೀರು ನಿಧಾನ ಬರುತ್ತದೆ ಎಂದು ಬೇಜಾರು ಪಡುವವರು ಬಹಳ. ಆದರೆ ಲೋಳೆಗೆ ತಾಕಲು, ಅಂಟಲು, ತಿನ್ನಿಸಿಕೊಳ್ಳಲು ರೋಗಾಣುವಿಗೆ ಸಮಯ ಬೇಕು. ಬೇಗ ಬಂದ ನೀರು ಸೋಸದೆ ಬಂದ ನೀರು.

ಆರನೆಯದು: ಮರಳು ಪಳಗುವವರೆಗೆ ಕಾಯಿರಿ

ದಿನಾ ನೀರು ಹಾಕುತ್ತಾ ಹೋಗಿ. ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ಜೀವಿಗಳ ಪದರ ಚೆನ್ನಾಗಿ ಬೆಳೆಯಲು ಸುಮಾರು 30 ದಿನ ಬೇಕಾಗುತ್ತದೆ. ನೀರು ತಣ್ಣಗಿದ್ದರೆ ಇನ್ನೂ ಜಾಸ್ತಿ. ಅದಕ್ಕಿಂತ ಕೆಳಗಿನ ಮರಳಿನಲ್ಲೂ ಜೀವಿಗಳಿರುತ್ತವೆ, ಆದರೆ ಆಹಾರವೂ ಆಮ್ಲಜನಕವೂ ಮೇಲೆಯೇ ಖರ್ಚಾಗುವುದರಿಂದ ದಟ್ಟಣೆ ಕಡಿಮೆ.

ಈ ಒಂದು ತಿಂಗಳು ಬಂದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ತಿಳಿ ನೀರು ಬೇರೆ, ಶುದ್ಧ ನೀರು ಬೇರೆ. ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ ಆರಿಸಿ ಕುಡಿಯಿರಿ. ನಿಜ ಹೇಳಬೇಕೆಂದರೆ ತಿಂಗಳು ಕಳೆದ ಮೇಲೂ ಮಕ್ಕಳು, ವಯಸ್ಸಾದವರು, ಕಾಯಿಲೆಯವರು ಇರುವ ಮನೆಯಲ್ಲಿ ಕುದಿಸಿಯೇ ಕೊಡಿ ಎಂದು ಹೇಳುತ್ತೇನೆ. ಕಾಯಿಲೆ ತರುವ ಜಾತಿಯ ಪ್ರೋಟೋಜೋವಾಗಳನ್ನು ಈ ಫಿಲ್ಟರ್ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಬ್ಯಾಕ್ಟೀರಿಯಾವನ್ನು ಬಹುಪಾಲು, ವೈರಸ್ಸನ್ನು ಅದಕ್ಕಿಂತ ಕಡಿಮೆ. ಉಳಿದ ಆ ಚೂರಿಗೆ ಕುದಿಸುವುದು ಇರಲಿ.

ದಿನನಿತ್ಯ

ಸಾಕಿದ ಪ್ರಾಣಿಗೆ ಹೊತ್ತು ಹೊತ್ತಿಗೆ ಮೇವು ಇಟ್ಟ ಹಾಗೆ ದಿನಕ್ಕೆ ಒಂದು ಸಲವಾದರೂ ನೀರು ಹಾಕಿ. ಒಂದು ಸಲಕ್ಕೆ 12 ಲೀಟರ್ ಸಾಕು. ಇದಕ್ಕೂ ಕಾರಣ ಇದೆ. 55 ಸೆಂಟಿಮೀಟರ್ ಮರಳಿನ ಸಂದುಗಳಲ್ಲಿ ಸುಮಾರು 15 ಲೀಟರ್ ನೀರು ಹಿಡಿಯುತ್ತದೆ. ನೀವು 12 ಲೀಟರ್ ಸುರಿದಾಗ ಹೊರಗೆ ಬರುವುದು ಹಿಂದಿನ ಸಲದ ನೀರು, ರಾತ್ರಿಯೆಲ್ಲ ಮರಳಿನಲ್ಲಿ ನಿಂತು ಜೀವಿಗಳ ಕೈಗೆ ಸಿಕ್ಕಿದ ನೀರು. ಒಂದರ ಹಿಂದೆ ಒಂದು ಕೊಡ ಸುರಿಯುತ್ತಾ ಹೋದರೆ ಈ ಲಾಭ ಸಿಗುವುದಿಲ್ಲ. ಎರಡು ಸಲದ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. 48 ಗಂಟೆಗಿಂತ ಜಾಸ್ತಿ ಹೊತ್ತು ಹೊಸ ನೀರು ಹಾಕದೆ ಬಿಡಬೇಡಿ, ಆಹಾರ ಮುಗಿದು ಪದರ ಸೊರಗುತ್ತದೆ.

ಕ್ಲೋರಿನ್ ಹಾಕಿದ ನೀರನ್ನು, ಬ್ಲೀಚಿಂಗ್ ಪುಡಿಯನ್ನು, ಸಾಬೂನನ್ನು ಫಿಲ್ಟರಿನ ಮೇಲಿನಿಂದ ಹಾಕಲೇಬಾರದು. ಕ್ಲೋರಿನ್ ಬೇಕಿದ್ದರೆ ಸೋಸಿ ಬಂದ ನೀರಿಗೆ, ಸಂಗ್ರಹದ ಪಾತ್ರೆಯಲ್ಲಿ ಹಾಕಿ. ಆ ಪಾತ್ರೆಯ ಬಾಯಿ ಕಿರಿದಾಗಿರಲಿ, ಮುಚ್ಚಳ ಇರಲಿ, ಕೈ ಅದ್ದದೆ ನೀರು ತೆಗೆಯಲು ನಲ್ಲಿ ಇರಲಿ. ಕೊಳಕು ನೀರು ತಂದ ಕೊಡವನ್ನೇ ಪೈಪಿನ ಕೆಳಗೆ ಇಟ್ಟರೆ ಇಷ್ಟೂ ಕೆಲಸ ವ್ಯರ್ಥ.

ಏಳನೆಯದು: ತೊಳೆಯುವುದು, ಅದೂ ಅಪರೂಪಕ್ಕೆ

ತಿಂಗಳುಗಳು ಕಳೆದಂತೆ ಹರಿವು ಇಳಿಯುತ್ತದೆ. ಗಾಬರಿ ಬೇಡ. ಹರಿವು ಇಳಿದಾಗ ಸೋಸುವಿಕೆ ಉತ್ತಮವಾಗುತ್ತದೆಯೇ ಹೊರತು ಕೆಡುವುದಿಲ್ಲ. ಮನೆಗೆ ಬೇಕಾದಷ್ಟು ನೀರು ಸಿಗುತ್ತಿಲ್ಲ ಎನಿಸಿದಾಗ ಮಾತ್ರ ತೊಳೆಯಿರಿ.

ತಟ್ಟೆ ತೆಗೆದು, ನಿಂತ ನೀರಿಗೆ ಇನ್ನೊಂದಷ್ಟು ನೀರು ಸೇರಿಸಿ. ತೊಳೆದ ಕೈಯನ್ನು ಅಗಲವಾಗಿ ಚಾಚಿ, ಮರಳಿನ ಮೇಲ್ಮೈಯನ್ನು ಮೆಲ್ಲಗೆ ವೃತ್ತಾಕಾರದಲ್ಲಿ ಕಲಕಿ. ಬೆರಳು ಒಂದೆರಡು ಸೆಂಟಿಮೀಟರಿಗಿಂತ ಕೆಳಗೆ ಹೋಗಬಾರದು. ಎದ್ದ ಬಗ್ಗಡವನ್ನು ಲೋಟದಲ್ಲಿ ಮೊಗೆದು ಚೆಲ್ಲಿ. ಒಂದೆರಡು ಸಲ ಹೀಗೆ ಮಾಡಿ, ಮರಳನ್ನು ಸಮ ಮಾಡಿ, ಹರಿವು ನೋಡಿ. ನೀರು ಪೂರ್ತಿ ತಿಳಿಯಾಗುವ ತನಕ ಕಲಕುವುದು ಬೇಡ, ಕಲಕಿದಷ್ಟೂ ಜೀವಿಗಳು ಹೊರಗೆ ಹೋಗುತ್ತವೆ. ಮರಳನ್ನೆಲ್ಲ ಹೊರಗೆ ತೆಗೆದು ಉಜ್ಜಿ ತೊಳೆಯುವುದಂತೂ ಹೊಸ ಫಿಲ್ಟರ್ ಕಟ್ಟಿದ ಹಾಗೇ. ಮತ್ತೆ ತಿಂಗಳು ಕಾಯಬೇಕು.

ತೊಳೆದ ಮೇಲೆ ಪದರ ಚೇತರಿಸಿಕೊಳ್ಳಲು ಹಲವು ದಿನ ಬೇಕು. ಅಷ್ಟು ದಿನ ಕುದಿಸಿಯೇ ಕುಡಿಯಿರಿ. ಇದನ್ನು ಒತ್ತಿ ಹೇಳಲು ಮತ್ತೆ ಆಲ್ಟೋನಾಗೆ ಹೋಗಬೇಕು. 1892ರಲ್ಲಿ ಪಾರಾದ ಅದೇ ಊರಿನಲ್ಲಿ 1893ರ ಚಳಿಗಾಲದಲ್ಲಿ ಕಾಲರಾ ಸಣ್ಣದಾಗಿ ಕಾಣಿಸಿಕೊಂಡಿತು. ಹುಡುಕಿದಾಗ, ತೊಳೆಯಲು ನೀರಿಳಿಸಿದ್ದ ಒಂದು ಮರಳಿನ ಹಾಸು ಚಳಿಗೆ ಹೆಪ್ಪುಗಟ್ಟಿ ಕೆಟ್ಟಿತ್ತೆಂದು ಗೊತ್ತಾಯಿತು. ಮರಳು ಅದೇ, ನೀರು ಅದೇ. ಪದರ ಸರಿಯಿಲ್ಲದ ಕೆಲವೇ ದಿನ ಸಾಕಾಯಿತು.

ಫಿಲ್ಟರಿಗೆ ಆಗದ ಕೆಲಸ

ಉಪ್ಪು, ಫ್ಲೋರೈಡ್, ಕರಗಿದ ಆರ್ಸೆನಿಕ್ ಇದರಿಂದ ಹೋಗುತ್ತವೆ ಎಂದು ನಂಬಿ ಕೂರಬೇಡಿ. ಕೀಟನಾಶಕದ ಭರವಸೆಯೂ ಬೇಡ. ನೈಟ್ರೇಟ್ ಹೋಗುವುದಿಲ್ಲ, ಕೆಲವು ಸಲ ಸ್ವಲ್ಪ ಏರುತ್ತದೆ, ಯಾಕೆಂದರೆ ಒಳಗಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ನಿಮ್ಮ ನೀರು ಇದರೊಳಗಿದೆಯೇ ಎಂದು ಒಮ್ಮೆ ಪ್ರಯೋಗಾಲಯದಲ್ಲಿ ನೋಡಿಸಿ, ಆಮೇಲೆ ಮರಳು ಹುಡುಕಲು ಹೋಗಿ.

ಎಂಟನೆಯದು: ಬಾವಿಯ ಸುತ್ತಲಿನ ನೆಲವೂ ಒಂದು ಫಿಲ್ಟರ್

ನೀವು 55 ಸೆಂಟಿಮೀಟರಿನಲ್ಲಿ ಕಟ್ಟಿದ್ದನ್ನು ನೆಲ ಹತ್ತಾರು ಮೀಟರಿನಲ್ಲಿ ಇಟ್ಟುಕೊಂಡಿದೆ. ಬೇರುಗಳಿರುವ ಮೇಲ್ಮಣ್ಣಿನಲ್ಲಿ ಜೀವಿಗಳು ಅತಿ ದಟ್ಟ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅದರ ಕೆಳಗೆ, ನೀರಿನ ಮಟ್ಟ ಸಿಗುವವರೆಗೆ, ಸಂದುಗಳಲ್ಲಿ ಗಾಳಿಯೂ ನೀರೂ ಕಲೆತಿರುವ ಪದರ. ಇಂಗುವ ನೀರು ಇಲ್ಲಿ ಕಣಕಣಕ್ಕೂ ತಾಗಿಕೊಂಡು ನಿಧಾನ ಇಳಿಯುತ್ತದೆ. ರೋಗಾಣುಗಳು ಜಾಸ್ತಿ ಸಾಯುವುದು ಇಲ್ಲಿಯೇ.

ಇನ್ನೂ ಕೆಳಗೆ ಹೋದಂತೆ ಆಮ್ಲಜನಕ ಮುಗಿಯುತ್ತಾ ಬರುತ್ತದೆ. ಆಗ ಬೇರೆ ಜೀವಿಗಳ ಸರದಿ. ಆಮ್ಲಜನಕದ ಬದಲು ನೈಟ್ರೇಟನ್ನು ಉಸಿರಾಡುವ ಬ್ಯಾಕ್ಟೀರಿಯಾ ಅದನ್ನು ಸಾರಜನಕದ ಗಾಳಿ ಮಾಡಿ ಬಿಡುತ್ತವೆ. ಮನೆಯ ಫಿಲ್ಟರಿಗೆ ಆಗದ ಕೆಲಸ ಇದು, ನೆಲಕ್ಕೆ ಸಾಧ್ಯ. ನೈಟ್ರೇಟೂ ಮುಗಿದರೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್. ಕೊಳೆತ ಮೊಟ್ಟೆಯ ವಾಸನೆ ಬರುವ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಸಲ್ಫೇಟ್ ಉಸಿರಾಡುವ ಜೀವಿಗಳ ಗುರುತೇ ಇರುತ್ತದೆ.

ಇದೇ ಕ್ರಮ ಕೆಲವು ಕಡೆ ತೊಂದರೆಯನ್ನೂ ತರುತ್ತದೆ. ಗಂಗಾ, ಬ್ರಹ್ಮಪುತ್ರ ನದಿಗಳ ಮುಖಜ ಭೂಮಿಯಲ್ಲಿ ಹೂಳಿನ ಕಣಗಳ ತುಕ್ಕಿಗೆ ಆರ್ಸೆನಿಕ್ ಅಂಟಿಕೊಂಡಿದೆ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಆ ತುಕ್ಕನ್ನು ಕರಗಿಸುತ್ತವೆ, ಆರ್ಸೆನಿಕ್ ನೀರಿಗೆ ಬರುತ್ತದೆ. ಆಳದ ನೀರು ಎಂದ ಮಾತ್ರಕ್ಕೆ ಒಳ್ಳೆಯ ನೀರು ಅಂದುಕೊಳ್ಳಬಾರದು.

ನೆಲದ ಈ ಕೆಲಸಕ್ಕೆ ಬೇಕಾದ್ದು ದೂರ ಮತ್ತು ಸಮಯ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ, ನೀರು ನೆಲದೊಳಗೆ 50 ದಿನ ಹರಿದು ಬರುವಷ್ಟು ದೂರವನ್ನು ಕಾಪಾಡುವ ವಲಯವಾಗಿ ಗುರುತಿಸುತ್ತಾರೆ. ಅಷ್ಟು ದಿನದಲ್ಲಿ ಕಾಯಿಲೆಯ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ ಎಂಬ ಲೆಕ್ಕ. ಬರ್ಲಿನ್ ನಗರದ ಕುಡಿಯುವ ನೀರಿನ ದೊಡ್ಡ ಪಾಲು ನದಿ, ಕೆರೆಗಳ ದಡದ ಮರಳಿನ ಮೂಲಕ ಹೀಗೆ ಇಂಗಿ ಬಾವಿಗೆ ಬಂದದ್ದು. ಆಮ್‌ಸ್ಟರ್‌ಡ್ಯಾಮಿನವರು 1957ರಿಂದ ರೈನ್ ನದಿಯ ನೀರನ್ನು ಕಡಲ ದಂಡೆಯ ಮರಳ ದಿಬ್ಬಗಳಲ್ಲಿ ಇಂಗಿಸಿ ಮತ್ತೆ ತೆಗೆಯುತ್ತಿದ್ದಾರೆ.

ನಿಮ್ಮ ಬಾವಿಯ ಮಟ್ಟಿಗೆ ಮಾಡಬೇಕಾದ್ದು ಇಷ್ಟು. ಶೌಚಗುಂಡಿ, ಗೊಬ್ಬರದ ಗುಂಡಿ ಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಲಿ, ಬಾವಿಗಿಂತ ತಗ್ಗಿನಲ್ಲಿರಲಿ. ಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಲಿ. ಆ ಒಂದೂವರೆ ಮೀಟರ್ ಒಣ ಮಣ್ಣೇ ರೋಗಾಣುಗಳನ್ನು ತಡೆಯುವುದು. ಕೆಳಗೆ ಬಿರುಕುಬಿಟ್ಟ ಬಂಡೆ ಅಥವಾ ಸುಣ್ಣಕಲ್ಲು ಇದ್ದರೆ 30 ಮೀಟರ್ ಸಾಲದು. ಬಿರುಕಿನಲ್ಲಿ ನೀರು ಕಾಲುವೆಯ ಹಾಗೆ ಓಡುತ್ತದೆ, ಜೀವಿಗಳಿಗೆ ತಾಗುವುದೇ ಇಲ್ಲ.

ಬಾವಿಗೆ ಎತ್ತರದ ಕಟ್ಟೆ, ಸುತ್ತ ಬಿರುಕಿಲ್ಲದ ಸಿಮೆಂಟಿನ ನೆಲಗಟ್ಟು, ಮುಚ್ಚಳ ಇರಲಿ. ಕಟ್ಟೆಯ ಪಕ್ಕದಲ್ಲೇ ಒಗೆದ ನೀರು ಒಳಗೆ ಇಳಿದರೆ ಅದು ಫಿಲ್ಟರನ್ನು ಬಿಟ್ಟು ಅಡ್ಡದಾರಿಯಲ್ಲಿ ಬಂದ ಹಾಗೆ. ಮಳೆ ನೀರು ಇಂಗಿಸುವವರಿಗೂ ಇದೇ ಮಾತು. ಅಂಗಳದ, ರಸ್ತೆಯ ನೀರನ್ನು ಪೈಪಿನಲ್ಲಿ ನೇರ ಬೋರ್‌ವೆಲ್‌ಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಸುಮ್ನೆ ನೀರಿನ ಮಟ್ಟ ಏರಿತು ಅಂತ ಖುಷಿಪಡಬಹುದು, ಆದರೆ ಮಣ್ಣು ಮಾಡಬೇಕಿದ್ದ ಕೆಲಸವನ್ನೇ ತಪ್ಪಿಸಿದ್ದೀರಿ. ದೂರದಲ್ಲಿ ಇಂಗುಗುಂಡಿ ತೋಡಿ, ಅದರಲ್ಲಿ ಮರಳಿನ ಪದರ ಹಾಕಿ, ಮಣ್ಣಿನ ಮೂಲಕ ಇಳಿಯಲು ಬಿಡಿ. ಹಳೆ ಎಂಜಿನ್ ಆಯಿಲ್, ಬ್ಯಾಟರಿ ನೀರು, ಉಳಿದ ಕೀಟನಾಶಕ ಇವನ್ನು ನೆಲಕ್ಕೆ ಚೆಲ್ಲಲೇಬೇಡಿ. ಕೆಲವು ಜೀವಿಗಳು ಇಂಥದ್ದನ್ನೂ ತಿನ್ನಬಲ್ಲವು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ. ಸೀಸದಂಥ ಲೋಹವನ್ನಂತೂ ಯಾವ ಜೀವಿಯೂ ತಿಂದು ಇಲ್ಲವಾಗಿಸಲಾರದು.

ನೀರಿನ ಪರೀಕ್ಷೆಯನ್ನು ಬೇಸಗೆಯಲ್ಲಿ ಒಂದು ಸಲ ಮಾಡಿಸಿ ಸುಮ್ಮನಾಗಬೇಡಿ. ಮೊದಲ ದೊಡ್ಡ ಮಳೆಗಳಾದ ವಾರದಲ್ಲಿ ಇನ್ನೊಂದು ಸಲ ಮಾಡಿಸಿ. ನೀರು ಮಣ್ಣಿನಲ್ಲಿ ಅತಿ ಬೇಗ ಇಳಿಯುವುದು ಆಗ, ಜೀವಿಗಳಿಗೆ ಸಮಯ ಸಿಗದೆ ಹೋಗುವುದೂ ಆಗಲೇ. ಆ ಫಲಿತಾಂಶದಲ್ಲಿ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಕಂಡುಬಂದರೆ ಬಾವಿಯ ಕಟ್ಟೆ, ನೆಲಗಟ್ಟಿನ ಬಿರುಕು, ಹತ್ತಿರದ ಗುಂಡಿ ಇವನ್ನು ಈ ಕ್ರಮದಲ್ಲೇ ನೋಡುತ್ತಾ ಹೋಗಿ. ಕಾರಣ ಸಿಕ್ಕಿ ಸರಿಪಡಿಸುವವರೆಗೆ ನೀರನ್ನು ಕುದಿಸಿ.